ಕೈ ಗಟ್ಟಿ ಮಾಡುವುದು, ಬೇರೆ ಶೈಲಿಯವರ ಜೊತೆ ಆಡುವುದು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕರಾಟೆನೋ ಬಾಕ್ಸಿಂಗೋ ಕಲಿಯುವವರಿಗೆ ದೊಡ್ಡ ಕಷ್ಟ ಅಂದರೆ ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸಕ್ಕೆ ಎದುರುಬದುರು ನಿಂತು ಆಡೋಕೆ, ಜೊತೆಗಾರರದ್ದು. ಬೆಂಗಳೂರಲ್ಲಾದರೆ ನಿಮ್ಮ ಶೈಲಿಯವರೇ, ನಿಮ್ಮ ತೂಕದವರೇ ಹತ್ತು ಜನ ಸಿಗುತ್ತಾರೆ. ಇಲ್ಲಿ ಹಾಗಲ್ಲ. ನೀವು ಕರಾಟೆ, ಪಕ್ಕದ ಓಣಿಯವನು ಟೇಕ್ವಾಂಡೋ, ಇನ್ನೊಬ್ಬ ಕಾಲೇಜಿನಲ್ಲಿ ಬಾಕ್ಸಿಂಗ್ ಮಾಡಿದವನು, ಮತ್ತೊಬ್ಬರು ಗರಡಿ ಮನೆಯಲ್ಲಿ ಬೆಳೆದ ಪೈಲ್ವಾನರು. ಎಲ್ಲ ಸೇರಿದರೆ ಭಾನುವಾರ ಬೆಳಿಗ್ಗೆ ಐದಾರು ಜನ ಆಗುತ್ತಾರೆ, ಅಷ್ಟೇ. ಅದರಲ್ಲಿ ಒಬ್ಬನ ಮೂಗು ಒಡೆದು ಕಳಿಸಿದರೆ ಮುಂದಿನ ವಾರ ಅವನು ಬರಲ್ಲ, ಅವನ ಗೆಳೆಯನೂ ಬರಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ಲೆಕ್ಕದ್ದು: ನಿಮ್ಮ ಕೈಯೂ ಉಳಿಯಬೇಕು, ಜೊತೆಗಾರನೂ ಉಳಿಯಬೇಕು.

ತೋರಣಗಲ್ಲಿನ ಪಕ್ಕ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್, ಜೂಡೋ, ಕುಸ್ತಿ ಮೂರೂ ಒಂದೇ ಕಡೆ ಇವೆ, ನಿಜ. ಆದರೆ ಅದು ಆಯ್ಕೆಯಾಗಿ ಬಂದ ಕ್ರೀಡಾಪಟುಗಳ ಜಾಗ. ನಾನು ಬರೆಯುತ್ತಿರುವುದು ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳುವ ನಮ್ಮಂಥವರಿಗೆ.

ಮೊದಲು ಕೈ ವಿಷಯ

ಬಂಡೆಗೆ ಗುದ್ದುವ, ಮರಕ್ಕೆ ಗುದ್ದುವ ವಿಡಿಯೋಗಳಿಗೆ ಬರ ಇಲ್ಲ. ನಮ್ಮ ಕಡೆ ಬಂಡೆಗೂ ಬರ ಇಲ್ಲ, ಬೇವಿನ ಮರಕ್ಕೂ ಬರ ಇಲ್ಲ. ಹುಡುಗರು ರಾತ್ರಿ ನೋಡಿದ್ದನ್ನು ಬೆಳಿಗ್ಗೆ ಎದ್ದು ಮಾಡುತ್ತಾರೆ. ಬೇಡ. ಬಂಡೆ, ಮರ, ಗೋಡೆ ಯಾವುದೂ ಬಾಗುವುದಿಲ್ಲ, ಕೊಟ್ಟ ಏಟೆಲ್ಲ ತಿರುಗಿ ನಿಮ್ಮ ಗೆಣ್ಣಿಗೂ ಮಣಿಕಟ್ಟಿಗೂ ಬರುತ್ತದೆ.

ಕೈಯಲ್ಲಿ ಗಟ್ಟಿಯಾಗಬೇಕಾದ್ದು ಮೂರ್ನಾಲ್ಕು ಇವೆ, ಒಂದೊಂದರ ವೇಗ ಒಂದೊಂದು. ಚರ್ಮಕ್ಕೆ ಕೆಲವು ವಾರ ಸಾಕು, ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟುತ್ತದೆ. ಮುಂಗೈ ಸ್ನಾಯು ಒಂದೆರಡು ತಿಂಗಳಲ್ಲಿ ಬಲಿಯುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟಿ ಹಿಡಿಯುವ ಟೆಂಡನ್‌ಗಳಿಗೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಅವು ನಿಧಾನ. ಎಲುಬೂ ನಿಧಾನವೇ. ಹಳೆಯದು ಕರಗಿ ಹೊಸದು ಕಟ್ಟಿಕೊಳ್ಳುವ ಒಂದು ಸುತ್ತಿಗೆ ಮೂರ್ನಾಲ್ಕು ತಿಂಗಳು ಹಿಡಿಯುತ್ತದೆ. ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ಕಟ್ಟಿಕೊಳ್ಳುತ್ತದೆ ಅಂತ ಜರ್ಮನಿಯ ಡಾಕ್ಟರ್ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಕೈ ಗಟ್ಟಿ ಮಾಡುವ ವಿದ್ಯೆಯೆಲ್ಲ ನಿಂತಿರುವುದು ಇದರ ಮೇಲೇ. ಆದರೆ ಗೆಣ್ಣಿನ ಒಳಗೆ, ಎರಡು ಎಲುಬಿನ ನಡುವೆ ಇರುವ ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಅದು ಸವೆದರೆ ಸವೆದ ಹಾಗೆ. ಚರ್ಮ ದಪ್ಪ ಆಯ್ತು, ಈಗ ನೋವಾಗ್ತಿಲ್ಲ ಅಂತ ಜೋರು ಹೆಚ್ಚಿಸುವವರು ಸಿಕ್ಕಿಬೀಳುವುದು ಇಲ್ಲೇ. ಮೇಲಿನದು ತಯಾರಾಗಿರುತ್ತದೆ, ಒಳಗಿನದು ಆಗಿರುವುದಿಲ್ಲ.

ಹದಿನೆಂಟು ತುಂಬದವರು ಗಟ್ಟಿ ವಸ್ತುವಿಗೆ ಗುದ್ದುವುದನ್ನು ಪೂರ್ತಿ ಬಿಡಿ. ಎಲುಬಿನ ತುದಿಯಲ್ಲಿ ಬೆಳವಣಿಗೆ ನಡೆಯುವ ಮೆತ್ತನೆ ಭಾಗ ಇನ್ನೂ ಪೂರ್ತಿ ಕೂಡಿರುವುದಿಲ್ಲ, ಅಲ್ಲಿ ಏಟು ಬಿದ್ದರೆ ಬೆರಳು ಸೊಟ್ಟಗಾಗಬಹುದು. ಇನ್ನೊಂದು ಮಾತು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸದಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಬೆರಳಿನ ಸೂಕ್ಷ್ಮ ಕೆಲಸದಿಂದ ಅನ್ನ ತಿನ್ನುವವರು, ತಬಲಾ ಹಾರ್ಮೋನಿಯಂ ನುಡಿಸುವವರು, ದಿನವಿಡೀ ಟೈಪ್ ಮಾಡುವವರು ಗೆಣ್ಣು ಕಲ್ಲು ಮಾಡಿಕೊಳ್ಳುವ ಆಸೆ ಬಿಟ್ಟು ಬರೀ ಹಿಡಿತ, ಮಣಿಕಟ್ಟು ನೋಡಿಕೊಂಡರೆ ಸಾಕು. ನನ್ನ ಪ್ರಕಾರ ಬೇರೆಯವರಿಗೂ ಮುಕ್ಕಾಲು ಪಾಲು ಅಷ್ಟೇ ಸಾಕು.

ಮುಷ್ಟಿ ಸರಿ ಇಲ್ಲದೆ ಏನು ಮಾಡಿದರೂ ದಂಡ

ಗುದ್ದಿ ಮುರಿದುಕೊಂಡು ಬರುವವರಲ್ಲಿ ಹೆಚ್ಚಿನವರ ಎಲುಬು ಮುರಿಯುವುದು ಒಂದೇ ಜಾಗದಲ್ಲಿ: ಕಿರುಬೆರಳಿನ ಗೆಣ್ಣಿನ ಸ್ವಲ್ಪ ಹಿಂದೆ. ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಅದಕ್ಕೆ ಹೆಸರು. ಆದರೆ ಕಲಿತ ಬಾಕ್ಸರ್‌ಗಿಂತ ಸಿಟ್ಟಲ್ಲಿ ಗೋಡೆಗೆ ಗುದ್ದಿದವರಿಗೇ ಅದು ಜಾಸ್ತಿ. ಕಾರಣ ಇಷ್ಟೇ. ತೋರುಬೆರಳು, ನಡುಬೆರಳಿನ ಹಿಂದಿನ ಎಲುಬು ಮಣಿಕಟ್ಟಿಗೆ ಬಿಗಿಯಾಗಿ ಕೂತಿವೆ, ಮುಂಗೈ ನೇರಕ್ಕೂ ಬರುತ್ತವೆ. ಉಂಗುರಬೆರಳು, ಕಿರುಬೆರಳಿನವು ತೆಳು, ಅಲ್ಲಾಡುತ್ತವೆ ಕೂಡ. ಹಿಡಿದು ನೋಡಿ, ಕಿರುಬೆರಳಿನ ಗೆಣ್ಣನ್ನು ಮೇಲೆ ಕೆಳಗೆ ಆಡಿಸಬಹುದು, ನಡುಬೆರಳಿನದು ಜಗ್ಗುವುದಿಲ್ಲ. ಕರಾಟೆಯಲ್ಲಿ ಮೊದಲ ಎರಡು ಗೆಣ್ಣಿನಿಂದಲೇ ತಾಗಿಸಿ ಅನ್ನುವುದು ಇದಕ್ಕೇ.

ಒಂದು ಪರೀಕ್ಷೆ ಮಾಡಿ. ಬೆರಳನ್ನು ತುದಿಯಿಂದ ಸುರುಳಿ ಸುತ್ತುತ್ತಾ ಬನ್ನಿ, ಹೆಬ್ಬೆರಳು ಹೊರಗೆ, ತೋರುಬೆರಳು ನಡುಬೆರಳಿನ ಮೇಲೆ ಅಡ್ಡಕ್ಕೆ. ಗೋಡೆಗೆ ಆ ಎರಡು ಗೆಣ್ಣು ಒತ್ತಿ, ಮೈಭಾರ ನಿಧಾನಕ್ಕೆ ಬಿಡಿ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಬಾಗಿದರೆ ನೀವು ಇನ್ನೂ ಗುದ್ದುವ ಹಂತಕ್ಕೆ ಬಂದಿಲ್ಲ. ಹಾಗೇ ಹತ್ತು ಉಸಿರು ನಿಲ್ಲುವುದನ್ನು ದಿನಾ ಮಾಡಿ. ನೋಡೋಕೆ ಏನೂ ಅನಿಸಲ್ಲ, ಆದರೆ ಮಣಿಕಟ್ಟು ಕೂರುವುದು ಇದರಿಂದಲೇ.

ಆಮೇಲೆ ಮುಷ್ಟಿ ದಂಡ, ಅಂದರೆ ಅಂಗೈ ಬದಲು ಮುಷ್ಟಿ ಊರಿ ದಂಡ (ಪುಶ್‌ಅಪ್) ಹೊಡೆಯುವುದು. ಮೊದಲು ಮಣ್ಣಿನ ಮೇಲೆ ಅಥವಾ ಚಾಪೆ ಮಡಚಿ ಹಾಕಿ, ಮಂಡಿ ಊರಿ. ಅಭ್ಯಾಸವಾದ ಮೇಲೆ ಹಲಗೆ ಮೇಲೆ. ಮನೆಯ ಕಡಪಾ ಕಲ್ಲಿನ ಮೇಲೆ ಮಾಡಿ ಗೆಣ್ಣಿನ ತೊಗಲು ಕಿತ್ತುಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಅದು ಆರುವವರೆಗೆ ಒಂದು ವಾರ ಸುಮ್ನೆ ಕೂರಬೇಕು ಅಷ್ಟೇ.

ನುಚ್ಚಕ್ಕಿ, ಹೆಸರುಕಾಳು, ಭತ್ತದ ಹುಲ್ಲು

ಇದಕ್ಕೆ ಬೇಕಾದ ಸಾಮಾನು ನಮ್ಮ ಕಡೆ ಸಿಕ್ಕಷ್ಟು ಸಲೀಸಾಗಿ ಇನ್ನೆಲ್ಲೂ ಸಿಗುವುದಿಲ್ಲ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ನುಚ್ಚಕ್ಕಿ ಕಡಿಮೆಗೆ ಕೊಡುತ್ತಾರೆ. ಹತ್ತು ಲೀಟರ್ ಬಕೆಟ್ಟಿನಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತುಂಬಿ. ಕೈಯನ್ನು ಮಣಿಕಟ್ಟು ಮುಳುಗುವಷ್ಟು ಇಳಿಸಿ, ಮುಷ್ಟಿ ಕಟ್ಟಿ, ಬಿಚ್ಚಿ. ಬಿಚ್ಚುವುದು ಮುಖ್ಯ. ನಾವು ದಿನವಿಡೀ ಹಿಡಿಯುವ ಕೆಲಸ ಮಾಡುತ್ತೇವೆ, ಬೆರಳನ್ನು ಎದುರು ಭಾರಕ್ಕೆ ಬಿಡಿಸುವ ಕೆಲಸ ಮಾಡುವುದೇ ಇಲ್ಲ, ಮುಂಗೈನ ಮೇಲ್ಭಾಗ ಸೊರಗುವುದು ಅದಕ್ಕೆ. ಮುಷ್ಟಿ ಕಟ್ಟಿ ಬಿಚ್ಚುವುದು ಅರ್ಧ ನಿಮಿಷ, ಒಳಗೇ ಮಣಿಕಟ್ಟು ಎಡಕ್ಕೆ ಬಲಕ್ಕೆ ತಿರುವುದು ಅರ್ಧ ನಿಮಿಷ, ಬೆರಳು ಚಾಚಿ ಮೆಲ್ಲಗೆ ಚುಚ್ಚುವುದು ಅರ್ಧ ನಿಮಿಷ. ಮೂರು ಸುತ್ತು ಮಾಡಿ, ಮುಂಗೈ ಉರಿ ಹತ್ತುತ್ತದೆ. ಉಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ನುಚ್ಚು ಉಗುರಿನ ಸಂದಿಗೆ ಹೋಗಿ ಕೀವಾಗುತ್ತದೆ. ಅಡುಗೆಮನೆಯ ಅಕ್ಕಿ ಡಬ್ಬಿಗೆ ಕೈ ಹಾಕಬೇಡಿ, ಅವ್ವ ನೋಡಿದರೆ ಸ್ಪಾರಿಂಗ್ ಅಲ್ಲೇ ಶುರುವಾಗುತ್ತೆ.

ಚೀನಾದ ಕುಂಗ್ ಫುನಲ್ಲಿ ಅಂಗೈ ಗಟ್ಟಿ ಮಾಡುವ ಹಳೆ ಪದ್ಧತಿ ಒಂದಿದೆ, ಐರನ್ ಪಾಮ್ ಅಂತಾರೆ. ಅದರಲ್ಲಿ ಮೊದಲ ಚೀಲಕ್ಕೆ ತುಂಬುವುದು ಹೆಸರುಕಾಳು. ಆಮೇಲೆ ಜಲ್ಲಿ, ಕೊನೆಗೆ ಕಬ್ಬಿಣದ ಗುಂಡು. ನಾನು ಹೇಳುವುದು ಹೆಸರುಕಾಳಿಗೇ ನಿಲ್ಲಿ ಅಂತ. ಚೀಲಕ್ಕೆ ಜೀನ್ಸ್ ಬಟ್ಟೆಗಿಂತ ಒಳ್ಳೆಯದಿಲ್ಲ. ಹಳೆ ಪ್ಯಾಂಟಿನ ತೊಡೆಯ ಭಾಗ ಕತ್ತರಿಸಿ ಎರಡು ಪದರ ಮಾಡಿ ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲಕ್ಕೆ ಹೊಲಿಸಿ. ಟೇಲರ್‌ಗೆ ಜೀನ್ಸ್ ದಾರದಲ್ಲೇ ಎರಡು ಸಲ ಹೊಲಿಗೆ ಹಾಕಿ ಅಂತ ಹೇಳಿ, ಮಾಮೂಲಿ ದಾರ ಕಿತ್ತುಹೋಗುತ್ತದೆ. ಮೂರ್ನಾಲ್ಕು ಕೆಜಿ ಕಾಳು ಹಿಡಿಯುತ್ತದೆ. ಗಟ್ಟಿ ತುಂಬಬೇಡಿ, ಕೈ ಬಿದ್ದಾಗ ಕಾಳು ಸರಿಯಬೇಕು. ನಮ್ಮ ಬಿಸಿಲಿಗೆ ಕಾಳಿನಲ್ಲಿ ಬೇಗ ಹುಳ ಬೀಳುತ್ತದೆ, ಬಾಯಿ ಕಟ್ಟಿ ಮುಚ್ಚುವ ಹಾಗೆ ಇಟ್ಟುಕೊಂಡರೆ ಆಗಾಗ ಬಿಚ್ಚಿ ಒಣಹಾಕಬಹುದು.

ಚೀಲವನ್ನು ಸೊಂಟದ ಎತ್ತರದ ಕಟ್ಟೆ ಮೇಲೆ ಇಟ್ಟು ಅಂಗೈಯನ್ನು ಸುಮ್ನೆ ಬೀಳಿಸಿ. ಹೊಡೆಯಬೇಡಿ, ಬೀಳಿಸಿ. ಭುಜ ಸಡಿಲ, ಕೈಭಾರ ಮಾತ್ರ. ಅಂಗೈ, ಕೈಹಿಂಭಾಗ, ಅಂಗೈ ಅಂಚು, ಒಂದೊಂದಕ್ಕೆ ಹತ್ತು ಹದಿನೈದು. ಸದ್ದು ಕೇಳಿ. ಭುಜ ಬಿಗಿ ಹಿಡಿದವನ ಕೈ ಚಟ್ ಅಂತ ಮೇಲೇ ಸದ್ದು ಮಾಡಿ ಪುಟಿಯುತ್ತದೆ, ಸಡಿಲ ಬಿಟ್ಟವನದ್ದು ದಪ್ ಅಂತ ಕಾಳಿನೊಳಗೆ ಇಳಿಯುತ್ತದೆ. ಆ ಎರಡನೇ ಸದ್ದು ಬರುವವರೆಗೆ ಜೋರು ಹೆಚ್ಚಿಸುವ ಮಾತೇ ಇಲ್ಲ. ಕೈಹಿಂಭಾಗಕ್ಕೆ ಮಾತ್ರ ಇನ್ನೂ ಮೆತ್ತಗೆ, ಅಲ್ಲಿ ಚರ್ಮದ ಕೆಳಗೆ ನೇರ ಎಲುಬೇ. ವಾರಕ್ಕೆ ಮೂರು ದಿನ, ಬಿಟ್ಟು ಬಿಟ್ಟು. ಹಳೆಯವರು ಇದಕ್ಕೆ ನೂರು ದಿನದ ಲೆಕ್ಕ ಇಟ್ಟಿದ್ದರು, ಎಲುಬಿನ ಮೂರ್ನಾಲ್ಕು ತಿಂಗಳ ಸುತ್ತಿಗೆ ಅದು ಹೊಂದುತ್ತದೆ.

ಮುಷ್ಟಿಗೆ ಮಾಕಿವಾರ. ಇದು ಒಕಿನಾವಾದ ಕರಾಟೆಯವರದ್ದು: ನೆಲದಲ್ಲಿ ಹೂತ ಒಂದು ಹಲಗೆ, ಬುಡ ದಪ್ಪ, ಮೇಲಕ್ಕೆ ಹೋಗುತ್ತಾ ತೆಳು, ಎದೆ ಎತ್ತರದಲ್ಲಿ ಭತ್ತದ ಹುಲ್ಲಿನ ಹಗ್ಗ ಸುತ್ತಿರುತ್ತದೆ. ತೆಳು ಇರುವುದರಲ್ಲೇ ಮರ್ಮ. ಗುದ್ದಿದಾಗ ಹಲಗೆ ಹಿಂದಕ್ಕೆ ಬಾಗಿ ಮೆಲ್ಲಗೆ ವಾಪಸ್ ತಳ್ಳುತ್ತದೆ, ಎಷ್ಟು ಒಳಗೆ ಹೋದಿರೋ ಅಷ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ಊರಲ್ಲಿ ಕೆಲವರು ದಪ್ಪ ಮರದ ದಿಮ್ಮಿ ಹೂತು ಅದಕ್ಕೆ ಹಗ್ಗ ಸುತ್ತಿ ಮಾಕಿವಾರ ಅನ್ನುತ್ತಾರೆ, ಅದು ಹಗ್ಗ ಸುತ್ತಿದ ಕಂಬ ಅಷ್ಟೇ. ಒಂದು ಕೈಯಲ್ಲಿ ತಳ್ಳಿದರೆ ಮೂರ್ನಾಲ್ಕು ಬೆರಳಿನಷ್ಟಾದರೂ ಬಾಗಬೇಕು. ಏಳಡಿ ಹಲಗೆ ತಂದರೆ ಎರಡಡಿಗಿಂತ ಜಾಸ್ತಿ ನೆಲದೊಳಗೆ ಹೋಗಲಿ. ಎರೆ ಮಣ್ಣಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಲಗೆ ಅಲ್ಲಾಡುತ್ತದೆ, ಸುತ್ತ ಕಲ್ಲು ಜಡಿದು ಮೊರಂ ಹಾಕಿ ಗಟ್ಟಿ ಮಾಡಿ. ಶುರುವಿನಲ್ಲಿ ಕೈಗೆ ಇಪ್ಪತ್ತು ಗುದ್ದು, ಅದೂ ನಿಮ್ಮ ಶಕ್ತಿಯ ಮೂರನೇ ಒಂದು ಪಾಲಿನಲ್ಲಿ. ಎರಡು ವಾರಕ್ಕೊಮ್ಮೆ ಐದೈದು ಹೆಚ್ಚಿಸಿ. ಎಣಿಕೆ ಹೆಚ್ಚಿಸಿದ ವಾರ ಜೋರು ಹೆಚ್ಚಿಸಬೇಡಿ.

ಇಷ್ಟೆಲ್ಲ ಸಾಮಾನು ಬೇಡ ಅನ್ನುವವರು ಹತ್ತಿರದ ಗರಡಿಗೆ ಹೋಗಿ. ಸನಿಕೆ ಹಿಡಿದು ಅಖಾಡದ ಮಣ್ಣು ಅಗೆದು ತಿರುವಿ ಹಾಕುವುದು, ಗದೆ ತಿರುವುದು, ಹಗ್ಗ ಹತ್ತುವುದು, ಇವಕ್ಕಿಂತ ಒಳ್ಳೆಯ ಹಿಡಿತದ ಕಸರತ್ತು ನನಗಂತೂ ಗೊತ್ತಿಲ್ಲ. ಮಣಿಕಟ್ಟಿನ ವಿಷಯದಲ್ಲಿ ಪೈಲ್ವಾನರು ಕರಾಟೆಯವರಿಗಿಂತ ಒಂದು ಕೈ ಮುಂದೆ.

ಮುಗಿದ ಮೇಲೆ ಕೈಗೆ ಎಳ್ಳೆಣ್ಣೆನೋ ಕೊಬ್ಬರಿ ಎಣ್ಣೆನೋ ಹಚ್ಚಿ ಐದು ನಿಮಿಷ ಬೆರಳಿಂದ ಮೊಣಕೈ ಕಡೆಗೆ ತಿಕ್ಕಿ. ಚೀನಾ ಕಡೆಯ ಗಿಡಮೂಲಿಕೆ ಔಷಧ ಆನ್‌ಲೈನಲ್ಲಿ ಮಾರುತ್ತಾರೆ, ಕೆಲವದರಲ್ಲಿ ವಿಷದ ಬೇರು ಇರುತ್ತದೆ. ಬಾಯಿಗೂ ತೆರೆದ ಗಾಯಕ್ಕೂ ಅದು ಬೇಡ.

ಯಾವ ನೋವಿಗೆ ನಿಲ್ಲಿಸಬೇಕು

ಕೆಂಪಗಾಗುವುದು, ಬೆಚ್ಚಗಾಗುವುದು, ಮಾರನೇ ದಿನ ಸ್ವಲ್ಪ ಬಿಗಿ ಇರುವುದು, ಇವು ಪರವಾಗಿಲ್ಲ. ಬೆರಳ ತುದಿಯಿಂದ ಒತ್ತಿದರೆ ಒಂದೇ ಚುಕ್ಕೆಯಲ್ಲಿ ಜೀವ ಹೋಗುವಂತೆ ನೋವು, ರಾತ್ರಿ ಬಾವು, ಬೆರಳು ಮರಗಟ್ಟುವುದು, ಮುಷ್ಟಿ ಕಟ್ಟಿದಾಗ ಒಂದು ಬೆರಳು ಪಕ್ಕದ ಬೆರಳಿನ ಮೇಲೆ ಹತ್ತುವುದು, ಗೆಣ್ಣಿನ ಮೇಲಿನ ಟೆಂಡನ್ ಪಕ್ಕಕ್ಕೆ ಜಾರುವುದು, ಇವುಗಳಲ್ಲಿ ಯಾವುದಿದ್ದರೂ ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಹೆಬ್ಬೆರಳು ಎತ್ತಿದಾಗ ಅದರ ಬುಡದಲ್ಲಿ ಮಣಿಕಟ್ಟಿನ ಪಕ್ಕ ಒಂದು ಗುಳಿ ಬೀಳುತ್ತದಲ್ಲ, ಆ ಗುಳಿಯಲ್ಲಿ ನೋವಿದ್ದರೆ ಇನ್ನೂ ಹುಷಾರು. ಅಲ್ಲಿರುವ ಸಣ್ಣ ಎಲುಬಿಗೆ ರಕ್ತ ಕಡಿಮೆ, ಕೂಡುವುದು ಕಷ್ಟ, ಬಿರುಕು ಬಿಟ್ಟಿದ್ದರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ನೋವು ಹೋಗದಿದ್ದರೆ ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಮ್ಮೆ ತೆಗೆಸಬೇಕು. ಉಳುಕು ಅಂತ ಯಾರ ಹತ್ತಿರವೋ ತಿಕ್ಕಿಸಿ ಎಳೆಸಿಕೊಳ್ಳುವುದು ಎಕ್ಸ್‌ರೇ ಆಗುವವರೆಗೆ ಬೇಡವೇ ಬೇಡ.

ಆಟದಲ್ಲಿ ಎದುರಿನವನ ಹಲ್ಲು ತಾಗಿ ಗೆಣ್ಣು ಹರಿದರೆ ಅದು ಎಷ್ಟೇ ಸಣ್ಣದಿರಲಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಯಿಯ ಕ್ರಿಮಿ ಗೆಣ್ಣಿನ ಸಂದಿಗೆ ಇಳಿದರೆ ಎರಡೇ ದಿನದಲ್ಲಿ ಕೈ ಊದಿ ಆಪರೇಷನ್ನಿಗೆ ಬರುತ್ತದೆ. ಮೇಲೆ ಕಾಣುವುದು ಬರೀ ಗೀರು, ಅದಕ್ಕೇ ಜನ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ.

ಇನ್ನು ಆಟ

ಡೊಮಿಂಗೊ ಪಾಯೆಸ್ ಅನ್ನುವ ಪೋರ್ಚುಗೀಸ್ ಪ್ರವಾಸಿ 1520ರ ಸುಮಾರಿಗೆ ಹಂಪಿಯ ಮಹಾನವಮಿಯಲ್ಲಿ ಜಟ್ಟಿಗಳ ಕಾಳಗ ನೋಡಿದ್ದ. ನಮ್ಮೂರಿನ ಕುಸ್ತಿಯ ಹಾಗಲ್ಲ ಇದು, ಗುದ್ದು ಬೀಳುತ್ತವೆ, ಹಲ್ಲು ಮುರಿಯುತ್ತವೆ, ಕಣ್ಣು ಹೋಗುತ್ತವೆ, ಮಾತಿಲ್ಲದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಾರೆ ಅಂತ ಬರೆದಿಟ್ಟಿದ್ದಾನೆ. ಅದರಲ್ಲೇ ಇನ್ನೊಂದು ಮಾತಿದೆ: ಇಬ್ಬರನ್ನೂ ಸರಿಸಮ ನಿಲ್ಲಿಸುವುದಕ್ಕೆ ನಾಯಕರೂ ತೀರ್ಪುಗಾರರೂ ಇದ್ದರು. ಅಂಥ ಕಾಳಗಕ್ಕೇ ಜೋಡಿ ನೋಡಿ ಬಿಡುವವರು ಬೇಕಿತ್ತು ಅಂದರೆ, ಭಾನುವಾರದ ನಮ್ಮ ಆಟಕ್ಕೆ ಬೇಡವಾ? ಹಾಗಾಗಿ ಮೊದಲ ನಿಯಮ, ಆಡುವವರು ಇಬ್ಬರಾದರೆ ಮೂರನೆಯವನು ಬೇಕೇ ಬೇಕು. ಅವನ ಕೆಲಸ ಹೊತ್ತು ನೋಡುವುದು, ಕಾವು ಏರಿದರೆ ನಿಲ್ಲಿಸುವುದು. ಅವನು ನಿಲ್ಲಿಸು ಅಂದರೆ ಯಾಕೆ ಅಂತ ಕೇಳುವ ಹಾಗಿಲ್ಲ. ಜೋಡಿ ಮಾಡುವಾಗ ಬೆಲ್ಟಿನ ಬಣ್ಣ ನೋಡಬೇಡಿ, ತೂಕ ನೋಡಿ, ಎಷ್ಟು ದಿನದಿಂದ ಆಡುತ್ತಿದ್ದಾರೆ ಅಂತ ನೋಡಿ. ಹುಡುಗಿಯರು ಬಂದರೂ ಇದೇ ಲೆಕ್ಕ. ಪಾಪ ಅಂತ ಕೈ ಎತ್ತದೇ ನಿಲ್ಲುವುದೂ ಬೇಡ, ತೋರಿಸುತ್ತೇನೆ ಅಂತ ಮೈಮೇಲೆ ಬೀಳುವುದೂ ಬೇಡ.

ಜಾಗ ನೋಡಿಕೊಳ್ಳಿ. ಸಿಮೆಂಟ್ ನೆಲದ ಮೇಲೆ ಎತ್ತಿ ಹಾಕುವುದು ಇಲ್ಲವೇ ಇಲ್ಲ. ಗರಡಿಯ ಕೆಂಪು ಮಣ್ಣು ಎಲ್ಲಕ್ಕಿಂತ ಒಳ್ಳೆಯದು, ಉಸ್ತಾದರು ಒಪ್ಪಿದರೆ. ಬಯಲಾದರೆ ಮೊದಲು ಎಲ್ಲರೂ ಸಾಲಾಗಿ ನಡೆದು ಮುಳ್ಳು ಹೆಕ್ಕಿ. ನಮ್ಮೂರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೇ ತೂರಿಕೊಂಡು ಬರುತ್ತದೆ, ಬರಿಗಾಲಿನ ಟೇಕ್ವಾಂಡೋದವನ ಗತಿ ಹೇಳಬೇಕಾ? ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಬೆಳಿಗ್ಗೆ ಏಳೂವರೆ ಒಳಗೆ ಮುಗಿಸಿ. ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಳ್ಳಿ. ಯಾರಾದರೂ ಬೆವರುವುದು ನಿಂತು ತಲೆ ಸುತ್ತುತ್ತೆ ಅಂದರೆ ಅವರಿಗೆ ಆಟ ಮುಗಿಯಿತು. ನೆರಳಿಗೆ ಕರೆದುಕೊಂಡು ಹೋಗಿ ಮೈಮೇಲೆ ನೀರು ಹಾಕಿ, ಗೊಂದಲದಲ್ಲಿ ಮಾತಾಡುತ್ತಿದ್ದರೆ ನೇರ ಆಸ್ಪತ್ರೆಗೆ.

ಉಂಗುರ, ಕಡಗ, ಕೈದಾರ, ತಾಯತ, ಸರ ಎಲ್ಲ ತೆಗೆದಿಡಿ. ದೇವರ ದಾರ ತೆಗೆಯುವ ಹಾಗಿಲ್ಲ ಅನ್ನುವವರು ಅದರ ಮೇಲೆ ಪಟ್ಟಿ ಸುತ್ತಿಕೊಳ್ಳಲಿ. ಮೌತ್ ಗಾರ್ಡ್ ಎಲ್ಲರಿಗೂ, ಬಿಸಿ ನೀರಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದು ಸಾಕು. ಗಂಡಸರಿಗೆ ತೊಡೆಸಂದಿ ಕಾಯುವ ಗ್ರಾಯಿನ್ ಗಾರ್ಡ್. ಮುಖಕ್ಕೆ ಗುದ್ದುವ ಆಟವಾದರೆ 16 ಔನ್ಸ್ ಗ್ಲೌಸ್, 10 ಔನ್ಸಿನವು ಗುದ್ದುವ ಬ್ಯಾಗಿಗೆ ಇರಲಿ. ಹೆಡ್‌ಗಾರ್ಡ್ ಹಾಕಿದ್ದೇನೆ, ಇನ್ನು ಏನಾಗಲ್ಲ ಅಂದುಕೊಳ್ಳಬೇಡಿ. ಅದು ಹುಬ್ಬು ಹರಿಯುವುದನ್ನು ತಡೆಯುತ್ತದೆ, ತಲೆಯೊಳಗೆ ಮಿದುಳು ಅಲ್ಲಾಡುವುದನ್ನು ತಡೆಯುವುದಿಲ್ಲ. ಅಂತಾರಾಷ್ಟ್ರೀಯ ಬಾಕ್ಸಿಂಗ್‌ನಲ್ಲಿ 2013ರಲ್ಲಿ ದೊಡ್ಡ ಗಂಡಸರಿಗೆ ಅದನ್ನು ತೆಗೆದೇಬಿಟ್ಟರು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವರು ಹಾಗೇ ಆಡಿದರು.

ಗ್ಲೌಸ್ ಒಳಗೆ ಕೈಗೆ ಸುತ್ತುವ ಬಟ್ಟೆ ಪಟ್ಟಿ. ನಾಲ್ಕೂವರೆ ಮೀಟರಿನದು ದೊಡ್ಡವರ ಕೈಗೆ ಸರಿ. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಬೆರಳ ಸಂದಿಯಲ್ಲಿ ಒಂದೊಂದು, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಸುತ್ತುವಾಗ ಬೆರಳು ಅಗಲಿಸಿ ಇಟ್ಟಿರಿ. ಮಡಚಿಕೊಂಡು ಸುತ್ತಿದರೆ ಪಟ್ಟಿ ಸಡಿಲವಾಗಿ ಕೂರುತ್ತದೆ, ಎರಡನೇ ರೌಂಡಿಗೆ ಬಿಚ್ಚಿ ಜೋತಾಡುತ್ತದೆ. ಹಳೆ ಕಾಟನ್ ಪಂಚೆಯನ್ನು ಎರಡು ಇಂಚು ಅಗಲಕ್ಕೆ ಉದ್ದಕ್ಕೆ ಹರಿದರೂ ನಡೆಯುತ್ತದೆ.

ಯಾರ ಜೊತೆ ಏನು ಎಚ್ಚರ

ಪ್ರತಿ ಶೈಲಿಯೂ ತನ್ನ ನಿಯಮದೊಳಗೆ ಬೆಳೆದದ್ದು. ನಿಯಮ ಯಾವುದನ್ನು ಬೇಡ ಅನ್ನುತ್ತದೋ ಅದಕ್ಕೆ ಕಾವಲು ಇಡುವುದನ್ನು ಮೈ ಮರೆತುಬಿಟ್ಟಿರುತ್ತದೆ. ಬೇರೆಯವರ ಜೊತೆ ಆಡುವುದರ ಲಾಭ ಇರುವುದೇ ಇಲ್ಲಿ.

ಪಾಯಿಂಟ್ ಕರಾಟೆಯವನು ದೂರದಿಂದ ಮಿಂಚಿನ ಹಾಗೆ ಬರುತ್ತಾನೆ, ಒಂದು ತಾಗಿಸಿ ನಿಲ್ಲುತ್ತಾನೆ, ಯಾಕೆಂದರೆ ಅವನ ಆಟದಲ್ಲಿ ಅಲ್ಲಿಗೆ ರೆಫರಿ ಕೈ ಎತ್ತುತ್ತಾರೆ. ಬಾಕ್ಸರ್‌ಗೆ ಆ ಅಭ್ಯಾಸ ಇಲ್ಲ. ಒಂದು ತಿಂದು ಮೂರು ಕೊಡುತ್ತಾನೆ. ಆಗ ಕರಾಟೆಯವನಿಗೆ ಇವನು ಮೋಸ ಮಾಡಿದ ಅನಿಸುತ್ತದೆ, ಬಾಕ್ಸರ್‌ಗೆ ಇವನು ಯಾಕೆ ನಿಂತ ಅನಿಸುತ್ತದೆ. ಜಗಳ ಹುಟ್ಟುವುದು ಇಂಥ ಕಡೆಯೇ, ಇಬ್ಬರದ್ದೂ ತಪ್ಪಿಲ್ಲದೆ. ಕ್ಯೋಕುಶಿನ್ ಅನ್ನುವ, ಪೂರ್ತಿ ಜೋರಲ್ಲಿ ಹೊಡೆಯುವ ಕರಾಟೆಯವರು ಮೈಗೆ ಬರಿಗೈ ಏಟು ತಿಂದು ಜೀರ್ಣಿಸಿಕೊಳ್ಳುತ್ತಾರೆ, ಆದರೆ ಅವರ ಪಂದ್ಯದಲ್ಲಿ ಮುಖಕ್ಕೆ ಗುದ್ದು ಇಲ್ಲ, ಹಾಗಾಗಿ ಮುಖದ ಕಾವಲು ಕೆಳಗಿಳಿದಿರುತ್ತದೆ. ಟೇಕ್ವಾಂಡೋದವನ ಕಾಲು ತಲೆಗೆ ಬರುತ್ತದೆ, ಕೈ ಸೊಂಟದ ಹತ್ತಿರ ಇರುತ್ತದೆ. ಒಲಿಂಪಿಕ್ ಟೇಕ್ವಾಂಡೋದಲ್ಲಿ ಗುದ್ದು ಎದೆಕವಚಕ್ಕೆ ಮಾತ್ರ, ಸೊಂಟದ ಕೆಳಗೆ ಒದೆಯೂ ಇಲ್ಲ. ಬಾಕ್ಸರ್ ಮುಂದಿನ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾನೆ, ತೊಡೆಗೆ ಒಂದು ಒದೆ ಬಿದ್ದರೆ ವಾರ ಪೂರ್ತಿ ಕುಂಟುತ್ತಾನೆ. ಮೊದಲ ಕೆಲವು ವಾರ ತೊಡೆಗೆ ಬರೀ ಮುಟ್ಟಿಸಿ. ಮೊಣಕಾಲಿಗೆ ಒದೆ ಯಾವತ್ತೂ ಇಲ್ಲ.

ಪೈಲ್ವಾನರ ವಿಷಯ ಬೇರೆಯೇ. ಅವರಿಗೆ ಗುದ್ದು ಅಭ್ಯಾಸ ಇಲ್ಲ, ಆದರೆ ಒಂದು ಸಲ ಕೈ ಸಿಕ್ಕಿತೋ ನೀವು ಮಣ್ಣಲ್ಲಿ. ಕುಸ್ತಿಯಲ್ಲಿ ಚಿತ್ ಆದರೆ ಮುಗಿಯಿತು, ಕತ್ತು ಅಮುಕುವುದೂ ಇಲ್ಲ, ಸೋತೆ ಅಂತ ತಟ್ಟುವ ಪದ್ಧತಿಯೂ ಇಲ್ಲ. ಜೂಡೋದವರಿಗೆ ತಟ್ಟುವುದು ಉಸಿರಾಡಿದಷ್ಟು ಸಹಜ. ಇವರಿಬ್ಬರನ್ನು ಬಿಡುವ ಮುಂಚೆ ಕೂತು ಮಾತಾಡಿಸಿ: ಎರಡು ಸಲ ತಟ್ಟಿದರೆ ಬಿಡಬೇಕು, ಕೈ ಸಿಕ್ಕಿಕೊಂಡಿದ್ದರೆ ಕಾಲಿಂದ ನೆಲಕ್ಕೆ ತಟ್ಟಿದರೂ ಬಿಡಬೇಕು. ಬಾಯಲ್ಲಿ ಹೇಳುವ ಮಾತು ಹೋ ಅಂತಲೇ ಇರಲಿ. ಮೌತ್ ಗಾರ್ಡ್ ಕಚ್ಚಿಕೊಂಡು ಸಾಕು, ನಿಲ್ಲಿಸು ಅಂದರೆ ಯಾವುದೂ ತಿಳಿಯುವುದಿಲ್ಲ. ಗುದ್ದುವವರು ಇನ್ನೊಂದು ನೆನಪಿಡಿ. ಪೈಲ್ವಾನರು ಕಾಲಿಗೆ ಬೀಳುವಾಗ ತಲೆ ತಗ್ಗಿಸುತ್ತಾರೆ, ಆಗ ಮೊಣಕಾಲು ಎತ್ತಬೇಡಿ, ಕತ್ತಿನ ಹಿಂದೆ ಹೊಡೆಯಬೇಡಿ. ಯಾವ ಕಡೆಯವರೇ ಆಗಲಿ, ಬೀಳುವುದು ಬರದಿದ್ದವರಿಗೆ ಎತ್ತಿ ಹಾಕುವ ಪಟ್ಟು ಬೇಡ, ಹಿಡಿದು ಅಲ್ಲಾಡಿಸಿ ಬಿಟ್ಟರೆ ಎತ್ತಿದ ಹಾಗೇ ಅಂತ ಮೊದಲೇ ಒಪ್ಪಿಕೊಳ್ಳಿ.

ಮೊದಲ ದಿನ ಗ್ಲೌಸ್ ಹಾಕಲೇಬೇಡಿ. ಅಂಗೈಯಲ್ಲಿ ಎದುರಿನವನ ಭುಜ ಅಥವಾ ಮೊಣಕಾಲು ಮುಟ್ಟುವ ಆಟ ಆಡಿ, ಎರಡು ನಿಮಿಷದ ರೌಂಡು. ಚಿಕ್ಕ ಮಕ್ಕಳ ಆಟ ಅನಿಸುತ್ತೆ, ಅಲ್ವಾ? ಆದರೆ ಯಾರ ಕಾಲು ಎಷ್ಟು ದೂರ ಬರುತ್ತದೆ, ಯಾರು ಯಾವಾಗ ನುಗ್ಗುತ್ತಾರೆ, ಯಾರಿಗೆ ಸೋತರೆ ಮುಖ ಕೆಂಪಾಗುತ್ತದೆ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಆ ಕೊನೆಯದನ್ನು ಮೂರನೆಯವನು ಮನಸ್ಸಲ್ಲೇ ಗುರುತು ಹಾಕಿಕೊಳ್ಳಲಿ. ಮುಂದಿನ ವಾರ ಒಬ್ಬ ಮುಂದಿನ ಕೈ ಒಂದರಿಂದಲೇ ಹೊಡೆಯಲಿ, ಇನ್ನೊಬ್ಬ ತಪ್ಪಿಸಿಕೊಳ್ಳಲಿ ಅಷ್ಟೇ, ಆಮೇಲೆ ಅದಲು ಬದಲು. ಆಮೇಲಿನ ವಾರ ಮೈಗೆ ಮಾತ್ರ, ಕೈ ಕಾಲು ಎರಡೂ. ಮುಖ ಕೊನೆಗೆ, ಅದೂ ಗ್ಲೌಸ್ ತಾಗಿದರೆ ಬೆವರು ಒರೆಸಿದಷ್ಟು. ಇವೆಲ್ಲಕ್ಕೂ ಗಟ್ಟಿ ಕೈಗಿಂತ ಮಣಿಯುವ ಕೈ ಬೇಕು. ಕಾಳಿನ ಚೀಲದ ಮೇಲೆ ಭುಜ ಸಡಿಲ ಬಿಡುವುದು ಕಲಿತವರಿಗೆ ಇಲ್ಲಿ ಸಲೀಸು, ಕೊನೇ ಗಳಿಗೆಯಲ್ಲಿ ಜೋರು ಕಡಿಮೆ ಮಾಡೋಕೆ ಬರುತ್ತದೆ.

ಜೋರು ಎಷ್ಟು ಅನ್ನುವುದನ್ನು ಕಡಿಮೆ ಬಲ್ಲವನು ತೀರ್ಮಾನ ಮಾಡಬೇಕು. ಅರ್ಧ ಜೋರು ಅಂತ ಬಾಯಲ್ಲಿ ಒಪ್ಪಿದರೆ ಆಗಲ್ಲ, ಒಬ್ಬೊಬ್ಬರ ಅರ್ಧ ಒಂದೊಂದು. ಶುರು ಮಾಡುವ ಮುಂಚೆ ಇಬ್ಬರೂ ಎದುರಿನವನ ಅಂಗೈಗೆ ಒಂದೊಂದು ಗುದ್ದು ಕೊಟ್ಟು, ಇಷ್ಟು ಸಾಕಾ ಅಂತ ಕೇಳಿ. ಅಣ್ಣ, ಸ್ವಲ್ಪ ಮೆಲ್ಲಗ ಅನ್ನುವುದಕ್ಕೆ ಚಿಕ್ಕವರು ಹೆದರುತ್ತಾರೆ, ಆದ್ದರಿಂದ ದೊಡ್ಡವರೇ ಮೊದಲು ಕೇಳಬೇಕು.

ತಲೆಗೆ ಏಟು ಬಿದ್ದು ಯಾರಿಗಾದರೂ ಕಣ್ಣು ಕತ್ತಲೆ ಬಂದರೆ, ವಾಂತಿ ಬಂದರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರೆ ಅವರನ್ನು ಒಬ್ಬರೇ ಗಾಡಿ ಓಡಿಸಿಕೊಂಡು ಹೋಗೋಕೆ ಬಿಡಬೇಡಿ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಅವರು ಸರಿ ಅನ್ನುವವರೆಗೆ ಸ್ಪಾರಿಂಗ್ ಇಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಗೆ ಬಿದ್ದ ಏಟಿನಿಂದ ನಾಕೌಟ್ ಆದವನನ್ನು ಕನಿಷ್ಠ 30 ದಿನ ರಿಂಗಿಗೆ ಬಿಡುವುದಿಲ್ಲ. ನಮಗೆ ಪದಕವೂ ಇಲ್ಲ, ದುಡ್ಡೂ ಇಲ್ಲ, ಅವಸರ ಏನಿದೆ?

ನಿಮ್ಮ ಮಾಸ್ಟರ್‌ಗೆ, ಉಸ್ತಾದರಿಗೆ ಮೊದಲೇ ಹೇಳಿಬಿಡಿ. ಬೇರೆ ಕಡೆ ಹೋಗಿ ಆಡಿ ಬಂದ ಅಂತ ಆಮೇಲೆ ಇನ್ನೊಬ್ಬರ ಬಾಯಿಂದ ಕೇಳಿದರೆ ಅವರಿಗೆ ಬೇಜಾರಾಗುತ್ತದೆ. ಕೆಲವರು ಬೇಡ ಅನ್ನಬಹುದು, ಕಾರಣ ಕೇಳಿ, ಎಷ್ಟೋ ಸಲ ನಿಮ್ಮ ಮಣಿಕಟ್ಟೋ ಸಿಟ್ಟೋ ಅವರಿಗೆ ಗೊತ್ತಿರುತ್ತದೆ. ಕರೆದರೆ ಅವರೇ ಬಂದು ಮೂರನೆಯವರಾಗಿ ನಿಲ್ಲುವುದೂ ಉಂಟು.

ಕೊನೆಗೆ ಮೊಬೈಲ್. ಕ್ಯಾಮೆರಾ ಆನ್ ಆದ ಕೂಡಲೇ ಮುಟ್ಟುವ ಆಟ ಪಂದ್ಯ ಆಗಿಬಿಡುತ್ತದೆ, ಅದರಲ್ಲೂ ಕರಾಟೆ ಮೇಲಾ ಕುಸ್ತಿ ಮೇಲಾ ಅಂತ ಹೆಸರಿಟ್ಟು ಹಾಕುವವರಿದ್ದರೆ ಮುಗಿದೇ ಹೋಯಿತು. ಕಲಿಯೋಕೆ ಬೇಕು ಅಂದರೆ ಪಕ್ಕದಿಂದ, ಕಾಲೂ ಕಾಣುವ ಹಾಗೆ ಒಂದು ರೌಂಡ್ ಮಾತ್ರ ತೆಗೆಯಿರಿ. ಆಟ ಮುಗಿದು ಮಜ್ಜಿಗೆ ಕುಡಿಯುವಾಗ ಇಬ್ಬರೂ ಕೂತು ನಿಧಾನ ಮಾಡಿ ನೋಡಿ, ಇಬ್ಬರೂ ಒಪ್ಪಿದರೆ ಮಾತ್ರ ಇಟ್ಟುಕೊಳ್ಳಿ, ಇಲ್ಲಾಂದ್ರೆ ಅಲ್ಲೇ ಅಳಿಸಿಬಿಡಿ.